ಅಗ್ಗದ ಹೆಡ್‌ಫೋನ್ ಮತ್ತು ಅಬ್ದುಲ್ ಕರೀಂ ಖಾನರ ಗಾಂಧಾರ

ಹೆಡ್‌ಫೋನ್‌ಗೆ ಎಷ್ಟು ದುಡ್ಡು ಹಾಕಬೇಕು? ಆಂಪ್ಲಿಫೈಯರ್ ನಿಜಕ್ಕೂ ಬೇಕಾ? ಉತ್ತರ ಹುಡುಕುತ್ತಾ ಹೊರಟರೆ, 1937ರಲ್ಲಿ ತೀರಿಕೊಂಡ ಒಬ್ಬ ಗಾಯಕನ ಬದುಕಿನ ಮೂಲಕವೇ ಹಾದುಹೋಗಬೇಕಾಗುತ್ತದೆ.

ಹಬ್ಬದ ಸೇಲ್ ಶುರುವಾಯ್ತು ಅಂದ್ರೆ ಹಳಿಯಾಳ, ದಾಂಡೇಲಿ, ಮುಂಡಗೋಡ ಕಡೆಯ ಓದುಗರಿಂದ ಒಂದು ಪ್ರಶ್ನೆ ತಪ್ಪದೆ ಬರುತ್ತೆ. ಕೈಯಲ್ಲಿ ನಾಲ್ಕೈದು ಸಾವಿರ ರೂಪಾಯಿ ಇದೆ, ಅಷ್ಟರಲ್ಲಿ ಒಳ್ಳೆ ಹೆಡ್‌ಫೋನ್ ಬರುತ್ತಾ, ಜೊತೆಗೆ ಆಂಪ್ಲಿಫೈಯರ್ ಕೂಡ ತಗೋಬೇಕಾ ಅಂತ. ಸಣ್ಣ ಊರುಗಳಲ್ಲಿ ಹತ್ತು ಹೆಡ್‌ಫೋನ್ ಕಿವಿಗೆ ಹಾಕಿ ನೋಡಿ ಆರಿಸುವ ಸೌಕರ್ಯ ಅಪರೂಪ. ಹುಬ್ಬಳ್ಳಿಗೆ ಹೋಗಬೇಕು, ಇಲ್ಲಾಂದ್ರೆ ಯೂಟ್ಯೂಬ್‌ನಲ್ಲಿ ಯಾರೋ ಹೇಳಿದ್ದನ್ನು ನಂಬಿ ಆನ್‌ಲೈನ್‌ನಲ್ಲಿ ತರಿಸಬೇಕು. ಆ ವಿಡಿಯೋಗಳಲ್ಲಿ ಹೇಳೋದು ಸಾಮಾನ್ಯವಾಗಿ ಒಂದೇ: ಇನ್ನೂ ಸ್ವಲ್ಪ ದುಡ್ಡು ಹಾಕಿ, ಆಗ ಮಾತ್ರ ನಿಜವಾದ ಸಂಗೀತ ಕೇಳಿಸುತ್ತೆ.

ಈ ಮಾತು ನನಗೆ ಬರೀ ಗ್ರಾಹಕರ ಪ್ರಶ್ನೆಯಾಗಿ ಕಾಣೋದಿಲ್ಲ. ಒಳ್ಳೆಯ ನಾದ ಯಾರ ಸೊತ್ತು ಅನ್ನೋ ಹಳೆಯ ಜಗಳದ ಹೊಸ ರೂಪ ಇದು. ನೂರು ವರ್ಷಗಳ ಹಿಂದೆ ಸಂಗೀತಕ್ಕೆ ಅರಮನೆ, ಮನೆತನ, ಜಾತಿ, ಧರ್ಮದ ಬೇಲಿಗಳಿದ್ದವು. ಈಗ ಬೆಲೆಯ ಬೇಲಿ. ಹಳೆಯ ಬೇಲಿಗಳನ್ನು ಒಳಗಿನಿಂದಲೇ ಮುರಿದವರಲ್ಲಿ ಒಬ್ಬರು ಉಸ್ತಾದ್ ಅಬ್ದುಲ್ ಕರೀಂ ಖಾನ್. ಧಾರವಾಡ–ಹುಬ್ಬಳ್ಳಿ ಸೀಮೆಯ ಹಿಂದೂಸ್ತಾನಿ ಸಂಗೀತದ ದೊಡ್ಡ ಪಾಲು ಅವರ ಋಣದಲ್ಲಿದೆ. ಅವರ ಬದುಕನ್ನು ನೋಡಿದರೆ ಹೆಡ್‌ಫೋನ್ ಪ್ರಶ್ನೆಗೂ ಅರ್ಧಕ್ಕಿಂತ ಹೆಚ್ಚು ಉತ್ತರ ಸಿಗುತ್ತದೆ.

ಕೈರಾನಾದ ಸಾರಂಗಿ ಮನೆ

ಅಬ್ದುಲ್ ಕರೀಂ ಹುಟ್ಟಿದ್ದು 1872ರ ನವೆಂಬರ್ 11ರಂದು, ಉತ್ತರ ಪ್ರದೇಶದ ಕೈರಾನಾದಲ್ಲಿ. 2016ರಲ್ಲಿ ಹಿಂದೂ ಕುಟುಂಬಗಳ ವಲಸೆಯ ಆರೋಪ ಎದ್ದು ದೇಶವೆಲ್ಲ ಚರ್ಚೆಯಾಯಿತಲ್ಲ, ಅದೇ ಕೈರಾನಾ. ರಾಜಕೀಯ ಸುದ್ದಿ ಓದುವವರಿಗೆ ಆ ಊರು ಇವತ್ತು ಗೊತ್ತಿರೋದು ಆ ವಿವಾದದಿಂದ. ಸಂಗೀತ ಕೇಳುವವರಿಗೆ ಅದು ಕಿರಾಣಾ ಘರಾಣೆಯ ತವರು.

ತಂದೆ ಕಾಲೇ ಖಾನ್. ಮನೆತನದಲ್ಲಿ ಗಾಯನ, ಬೀನ್, ಸಾರಂಗಿ ಎಲ್ಲವೂ ಇತ್ತು. ಹುಡುಗ ಮೊದಲು ಕೈಗೆತ್ತಿಕೊಂಡದ್ದು ಸಾರಂಗಿ. ಆ ಕಾಲದಲ್ಲಿ ಸಾರಂಗಿ ನುಡಿಸುವವರಿಗೆ ಸಂಗೀತದ ಶ್ರೇಣಿಯಲ್ಲಿ ಕೆಳಗಿನ ಜಾಗ. ತವಾಯಫರ ಹಿಂದೆ ಕೂತು ಸಾಥ್ ಕೊಡುವವರು ಅಂತ ಹಾಡುಗಾರರೇ ಅವರನ್ನು ದೂರ ಇಡುತ್ತಿದ್ದರು. ಕಿವಿ ಮಾತ್ರ ಅವರದ್ದೇ ಚೆನ್ನಾಗಿರುತ್ತಿತ್ತು. ಸಾರಂಗಿಯಲ್ಲಿ ಮೆಟ್ಟಿಲುಗಳಿಲ್ಲ, ಸ್ವರದ ಜಾಗವನ್ನು ಉಗುರಿನ ಬುಡದಲ್ಲಿ ಹುಡುಕಿಕೊಳ್ಳಬೇಕು. ಕೂದಲೆಳೆ ತಪ್ಪಿದರೂ ಅಪಸ್ವರ. ಮುಂದೆ ಖಾನರ ಹಾಡಿಕೆಯಲ್ಲಿ ಸುರದ ಬಗ್ಗೆ ಕಾಣುವ ಹಟಕ್ಕೆ ಬೇರು ಇಲ್ಲೇ ಇದೆ.

ಹರೆಯದಲ್ಲಿ ಬಡೋದೆಯ ಅರಮನೆ ಸೇರಿದರು. ಅಲ್ಲಿ ಸರದಾರ ಮಾರುತಿರಾವ್ ಮಾನೆಯವರ ಮಗಳು ತಾರಾಬಾಯಿಗೆ ಸಂಗೀತ ಕಲಿಸುತ್ತಾ ಇಬ್ಬರೂ ಪ್ರೀತಿಸಿದರು. ಮರಾಠಾ ಸರದಾರರ ಮಗಳು, ಮುಸ್ಲಿಂ ಸಂಗೀತಗಾರ. ಒಪ್ಪಿಗೆ ಸಿಗುವ ಮಾತೇ ಇರಲಿಲ್ಲ. ಇಬ್ಬರೂ ಬಡೋದೆ ಬಿಟ್ಟು ಮುಂಬೈ ಸೇರಿದರು. ಇವತ್ತು ಇಂಥ ಜೋಡಿಗೆ ಏನೇನು ಹೆಸರು ಇಡುತ್ತಾರೆ ಅನ್ನೋದು ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಆಗಲೂ ಅವರ ದಾರಿ ಸಲೀಸಾಗಿರಲಿಲ್ಲ. ಅರಮನೆಯ ಆಸರೆ ಕಳೆದುಕೊಂಡು ಊರಿಂದ ಊರಿಗೆ ಕಛೇರಿ ಮಾಡುತ್ತಾ ಸಂಸಾರ ನಡೆಸಬೇಕಾಯಿತು. ಆ ಅಲೆದಾಟವೇ ಅವರನ್ನು ಮಿರಜ, ಬೆಳಗಾವಿ, ಧಾರವಾಡ ಸೀಮೆಗೆ ಹತ್ತಿರ ತಂದಿತು.

ಕೊಳವೆಯೊಳಗೆ ಹಾಡಿದ ಉಸ್ತಾದ್

ಭಾರತದಲ್ಲಿ ಗ್ರಾಮೋಫೋನ್ ಧ್ವನಿಮುದ್ರಣ ಶುರುವಾಗಿದ್ದು 1902ರಲ್ಲಿ, ಕಲ್ಕತ್ತಾದಲ್ಲಿ. ಗೌಹರ್ ಜಾನ್ ಅವರಂಥ ಗಾಯಕಿಯರು ಧೈರ್ಯವಾಗಿ ಮುಂದೆ ಬಂದರು. ದೊಡ್ಡ ದೊಡ್ಡ ಉಸ್ತಾದರು ಹಿಂಜರಿದರು. ಗಂಟೆಗಟ್ಟಲೆ ಬೆಳೆಸುವ ರಾಗವನ್ನು ಮೂರು ಚಿಲ್ಲರೆ ನಿಮಿಷದಲ್ಲಿ ಮುಗಿಸೋದು ಅವಮಾನ ಅನ್ನಿಸಿತು. ರೆಕಾರ್ಡ್ ಕೇಳಿ ಯಾರು ಬೇಕಾದರೂ ತಮ್ಮ ಮನೆತನದ ಚೀಜುಗಳನ್ನು ಕದಿಯಬಹುದು ಅನ್ನೋ ಭಯವೂ ಇತ್ತು. ವಿದ್ಯೆಯೇ ಆಸ್ತಿಯಾಗಿದ್ದ ಕಾಲ ಅದು. ಆ ಭಯವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ.

ಅಬ್ದುಲ್ ಕರೀಂ ಖಾನ್ ಸುಮಾರು 1905ರ ಹೊತ್ತಿಗೇ ಗ್ರಾಮೋಫೋನ್ ಕಂಪನಿಗೆ ಹಾಡಿದ್ದರು. ಆಗ ಮೈಕ್ ಇರಲಿಲ್ಲ, ಆಂಪ್ಲಿಫೈಯರೂ ಇರಲಿಲ್ಲ. ಗಾಯಕ ಒಂದು ದೊಡ್ಡ ತಗಡಿನ ಕೊಳವೆಯ ಬಾಯಿಗೆ ಮುಖ ಕೊಟ್ಟು ಹಾಡಬೇಕಿತ್ತು. ಆ ದನಿಯ ಬಲವೇ ಸೂಜಿಯನ್ನು ಅಲುಗಿಸಿ ಮೇಣದ ಮೇಲೆ ಗೆರೆ ಕೊರೆಯಬೇಕು. ಹೀಗೆ ಸೆರೆಯಾಗುತ್ತಿದ್ದದ್ದು ಸುಮಾರು 250ರಿಂದ 2,500 ಹರ್ಟ್ಸ್‌ವರೆಗಿನ ಸದ್ದು ಮಾತ್ರ. ಮನುಷ್ಯನ ಕಿವಿಗೆ 20ರಿಂದ 20,000 ಹರ್ಟ್ಸ್‌ವರೆಗೆ ಕೇಳುತ್ತದೆ. ಅಂದ್ರೆ ತಂಬೂರಿಯ ಕೆಳಗಿನ ಗುಂಯ್‌ಗುಡುವಿಕೆಯೂ ಹೋಯಿತು, ದನಿಯ ಮೇಲಿನ ಹೊಳಪೂ ಹೋಯಿತು.

1925ರ ಹೊತ್ತಿಗೆ ಮೈಕ್ ಮತ್ತು ವಾಲ್ವ್ ಆಂಪ್ಲಿಫೈಯರ್ ಬಳಸುವ ಎಲೆಕ್ಟ್ರಿಕ್ ಮುದ್ರಣ ಬಂತು. ವ್ಯಾಪ್ತಿ ಸುಮಾರು 100ರಿಂದ 5,000 ಹರ್ಟ್ಸ್‌ಗೆ ಹಿಗ್ಗಿತು. ಅದಕ್ಕಿಂತ ದೊಡ್ಡ ಬದಲಾವಣೆ ಅಂದ್ರೆ, ಮೆಲ್ಲಗೆ ಹಾಡಿದರೂ ಸಾಕಾಯಿತು. ಖಾನರದು ಎತ್ತರದ, ತೆಳುವಾದ, ಮೃದು ದನಿ. ಗುಡುಗುವ ಗಂಟಲಲ್ಲ. ಆಂಪ್ಲಿಫೈಯರ್ ಅನ್ನೋ ಯಂತ್ರ ಹೆಚ್ಚು ಉಪಕಾರ ಮಾಡಿದ್ದು ಇಂಥ ದನಿಗಳಿಗೇ. 1930ರ ದಶಕದಲ್ಲಿ ಓಡಿಯನ್ ಕಂಪನಿಗೆ ಅವರು ಹಾಡಿದ ರೆಕಾರ್ಡ್‌ಗಳಲ್ಲಿ ಆ ಮೃದುತ್ವ ಉಳಿದುಕೊಂಡಿದೆ. ಅವರನ್ನು ನಾವು ಇವತ್ತು ಹೆಚ್ಚಾಗಿ ಕೇಳೋದು ಇವುಗಳ ಮೂಲಕವೇ.

ಈಗ ಅಂಗಡಿಯ ಡಬ್ಬಿಯ ಮೇಲಿನ ಅಂಕಿ ನೋಡಿ. 5ರಿಂದ 40,000 ಹರ್ಟ್ಸ್ ಅಂತ ಹೊಳೆಯುವ ಅಕ್ಷರದಲ್ಲಿ ಬರೆದಿರುತ್ತಾರೆ. 20,000ದ ಮೇಲಿನದು ಬಾವಲಿಗೆ ಕೇಳುತ್ತದೆ, ನಮಗಲ್ಲ. ಖಾನರ ಎಲೆಕ್ಟ್ರಿಕ್ ರೆಕಾರ್ಡ್‌ನಲ್ಲಿ 5,000ದ ಮೇಲೆ ಸಂಗೀತವೇ ಹೆಚ್ಚುಕಡಿಮೆ ಇಲ್ಲ, ಇರೋದು ಸೂಜಿಯ ಸರಸರ. ಇಂಥ ಹಳೆಯ ಮುದ್ರಣ ಕೇಳುವವರಿಗೆ ಬೇಕಾದದ್ದು ಮಧ್ಯದ ಸ್ವರಗಳನ್ನು ಸಾಫ್ ಆಗಿ ಕೊಡುವ ಹೆಡ್‌ಫೋನ್. ಎದೆ ನಡುಗಿಸುವ ಬೇಸ್‌ಗೂ ಚುಚ್ಚುವ ಟ್ರೆಬಲ್‌ಗೂ ಹೆಚ್ಚುವರಿ ದುಡ್ಡು ಕೊಟ್ಟರೆ, ಮುದ್ರಣದಲ್ಲಿ ಇಲ್ಲದ್ದಕ್ಕೆ ದುಡ್ಡು ಕೊಟ್ಟಂತೆ.

ಶಾಲೆಯ ಬಾಗಿಲು ತೆರೆದವರು

ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಹಿಂದೂಸ್ತಾನಿ ಸಂಗೀತವನ್ನು ಸುಧಾರಿಸಬೇಕು, ರಾಷ್ಟ್ರೀಯಗೊಳಿಸಬೇಕು ಅನ್ನೋ ಚಳವಳಿ ಜೋರಾಗಿತ್ತು. ವಿಷ್ಣು ದಿಗಂಬರ ಪಲುಸ್ಕರ್ 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದರು. ವಕೀಲರಾಗಿದ್ದ ವಿಷ್ಣು ನಾರಾಯಣ ಭಾತಖಂಡೆ ಚೀಜುಗಳನ್ನು ಸಂಗ್ರಹಿಸಿ, ರಾಗಗಳನ್ನು ಥಾಟ್‌ಗಳಲ್ಲಿ ವಿಂಗಡಿಸಿದರು. ಇಬ್ಬರ ಕೆಲಸವೂ ದೊಡ್ಡದು. ಆದರೆ ಆ ಸುಧಾರಣೆಯ ಮಾತಿನೊಳಗೆ ಇನ್ನೊಂದು ಸಂಗತಿ ಸೇರಿಕೊಂಡಿತ್ತು. ಮುಸ್ಲಿಂ ಉಸ್ತಾದರು ಓದು ಬರಹ ಇಲ್ಲದವರು, ಶಾಸ್ತ್ರ ಗೊತ್ತಿಲ್ಲದವರು, ವಿದ್ಯೆ ಬಚ್ಚಿಡುವವರು ಅನ್ನೋ ಚಿತ್ರ ಅದು. ಸಂಗೀತವನ್ನು ನೂರಾರು ವರ್ಷ ಗಂಟಲಲ್ಲಿ ಹೊತ್ತು ತಂದವರೇ ಅದಕ್ಕೆ ಅಡ್ಡಿ ಅನ್ನಿಸಿಬಿಟ್ಟರು.

ಖಾನ್ ಇದಕ್ಕೆ ಲೇಖನ ಬರೆದು ಉತ್ತರಿಸಲಿಲ್ಲ, ಶಾಲೆ ಕಟ್ಟಿದರು. 1913ರಲ್ಲಿ ಪುಣೆಯಲ್ಲಿ ಆರ್ಯ ಸಂಗೀತ ವಿದ್ಯಾಲಯ ಶುರುವಾಯಿತು. ಮುಸ್ಲಿಂ ಉಸ್ತಾದನೊಬ್ಬ ತನ್ನ ಶಾಲೆಗೆ ಆರ್ಯ ಅಂತ ಹೆಸರಿಟ್ಟದ್ದನ್ನು ಇವತ್ತಿನ ಕಣ್ಣಿಂದ ನೋಡಿ ಸೌಹಾರ್ದ ಅಂತ ಕೊಂಡಾಡಬಹುದು, ಬದುಕುಳಿಯುವ ತಂತ್ರ ಅಂತಲೂ ಓದಬಹುದು. ಎರಡೂ ಸ್ವಲ್ಪ ಸ್ವಲ್ಪ ನಿಜ ಇರಬಹುದು. ಮುಖ್ಯವಾದದ್ದು ಅಲ್ಲಿ ನಡೆದ ಕೆಲಸ. ಮನೆತನದ ಮಗ ಅಲ್ಲದವನಿಗೂ, ಬೇರೆ ಧರ್ಮದವನಿಗೂ, ಹೆಣ್ಣುಮಕ್ಕಳಿಗೂ ಮನಸ್ಸು ಬಿಚ್ಚಿ ಕಲಿಸಿದರು. ಬಚ್ಚಿಡುವ ಉಸ್ತಾದ್ ಅನ್ನೋ ಆರೋಪಕ್ಕೆ ಅವರ ಶಿಷ್ಯರ ಪಟ್ಟಿಯೇ ಉತ್ತರ. ಗೋವಾ ಮೂಲದ ಕೇಸರಬಾಯಿ ಕೇರ್ಕರ್ ಬಾಲ್ಯದಲ್ಲಿ ಕೊಲ್ಹಾಪುರದಲ್ಲಿ ಕೆಲವು ತಿಂಗಳು ಅವರಲ್ಲಿ ಕಲಿತರು. 1977ರಲ್ಲಿ ವಾಯೇಜರ್ ನೌಕೆಯ ಜೊತೆ ಬಾಹ್ಯಾಕಾಶಕ್ಕೆ ಹೋದ ಚಿನ್ನದ ತಟ್ಟೆಯಲ್ಲಿ ಇರುವ ಭಾರತೀಯ ಹಾಡು ಅವರದ್ದೇ. ಖಾನರ ಸಂಬಂಧಿಯೂ ಶಿಷ್ಯೆಯೂ ಆದ ರೋಶನಾರಾ ಬೇಗಂ ವಿಭಜನೆಯ ನಂತರ ಪಾಕಿಸ್ತಾನದ ದೊಡ್ಡ ಗಾಯಕಿಯಾದರು.

250 ಮತ್ತು 252ರ ನಡುವೆ

ಖಾನರಿಗೆ ವಾದ್ಯಗಳ ಹುಚ್ಚು. ಕೆಟ್ಟುಹೋದ ತಂತಿವಾದ್ಯಗಳನ್ನು ತಾವೇ ರಿಪೇರಿ ಮಾಡುತ್ತಿದ್ದರು. ತಂಬೂರಿ ಶ್ರುತಿ ಮಾಡುವುದರಲ್ಲಿ ಅವರದು ಎತ್ತಿದ ಕೈ. ಟಿಪ್ಪು ಅನ್ನೋ ನಾಯಿಗೆ ಸ್ವರ ಹಿಡಿಯೋದನ್ನು ಕಲಿಸಿ ಜನರ ಮುಂದೆ ಹಾಡಿಸಿದ್ದರು. ಗ್ರಾಮೋಫೋನ್ ಕಂಪನಿಯ ಲಾಂಛನದ ನಾಯಿ ಬರೀ ಕೇಳುತ್ತಿತ್ತು, ಇದು ಹಾಡುತ್ತಿತ್ತು.

ಸಾಂಗಲಿಯ ಕೃಷ್ಣಾಜಿ ಬಲ್ಲಾಳ ದೇವಲ್ ಅನ್ನೋ ನಿವೃತ್ತ ಅಧಿಕಾರಿ 22 ಶ್ರುತಿಗಳನ್ನು ವೈಜ್ಞಾನಿಕವಾಗಿ ಅಳೆಯಲು ಹೊರಟಾಗ ಆ ಪ್ರಯೋಗಗಳಿಗೆ ಹಾಡಿದವರು ಅಬ್ದುಲ್ ಕರೀಂ ಖಾನ್. ಅನಕ್ಷರಸ್ಥ ಉಸ್ತಾದ್ ಅನ್ನೋ ಚಿತ್ರಕ್ಕೆ ಒಗ್ಗದ ಇನ್ನೊಂದು ವಿವರ ಇದು. ದೇವಲ್ ಮತ್ತು ಇ. ಕ್ಲೆಮೆಂಟ್ಸ್ ಅನ್ನೋ ಬ್ರಿಟಿಷ್ ಅಧಿಕಾರಿ ಸೇರಿ ಮಾಡಿಸಿದ ಶ್ರುತಿ ಹಾರ್ಮೋನಿಯಂ 1916ರ ಬಡೋದೆ ಸಂಗೀತ ಸಮ್ಮೇಳನದಲ್ಲಿ ಚರ್ಚೆಗೂ ಬಂತು.

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ, ಹೆಡ್‌ಫೋನ್ ಕೊಳ್ಳುವವರಿಗೆ ಕೆಲಸಕ್ಕೆ ಬರುತ್ತೆ. ಷಡ್ಜ 200 ಹರ್ಟ್ಸ್ ಅಂತ ಇಟ್ಟುಕೊಳ್ಳಿ. ತಂಬೂರಿಯ ನಾದದಿಂದ ತಾನಾಗಿ ಹುಟ್ಟುವ ಶುದ್ಧ ಗಾಂಧಾರ ಅದರ ಒಂದೂಕಾಲು ಪಟ್ಟು, ಅಂದ್ರೆ 250 ಹರ್ಟ್ಸ್. ಸಾಮಾನ್ಯ ಹಾರ್ಮೋನಿಯಂನಲ್ಲಿ ಅದೇ ಗಾಂಧಾರ ಸುಮಾರು 252 ಹರ್ಟ್ಸ್. ವ್ಯತ್ಯಾಸ ಬರೀ ಎರಡು. ಆ ಎರಡಕ್ಕಾಗಿ ಕಿರಾಣಾದವರು ಜೀವಮಾನವಿಡೀ ತಂಬೂರಿ ಹಿಡಿದು ಕೂರುತ್ತಾರೆ. ಖಾನರ ಆಲಾಪದಲ್ಲಿ ಒಂದು ಸ್ವರದ ಮೇಲೆ ನಿಂತಾಗ ಎದೆ ತಣ್ಣಗಾಗುವ ಅನುಭವ ಬರೋದು ಆ ನಿಖರತೆಯಿಂದ.

ಈಗ ಮುಖ್ಯ ಮಾತು. ಇನ್ನೂರು ರೂಪಾಯಿಯ ಇಯರ್‌ಫೋನ್ ಆಗಲಿ ಎರಡು ಲಕ್ಷದ ಹೆಡ್‌ಫೋನ್ ಆಗಲಿ, 250 ಹರ್ಟ್ಸ್ ಕೊಟ್ಟರೆ ಹೊರಗೆ ಬರೋದು 250 ಹರ್ಟ್ಸೇ. ಹೆಡ್‌ಫೋನ್ ಸುರವನ್ನು ಏರಿಸಲಾರದು, ಇಳಿಸಲಾರದು. ಕಳಪೆ ಹೆಡ್‌ಫೋನ್ ಕೆಡಿಸೋದು ಬೇರೆ ಎರಡನ್ನು: ಯಾವ ಸ್ವರ ಎಷ್ಟು ಗಟ್ಟಿ ಕೇಳಬೇಕು ಅನ್ನೋ ಸಮತೋಲನವನ್ನು, ಮತ್ತು ಇಲ್ಲದ ಒರಟು ಸದ್ದು ಸೇರಿಸಿ ದನಿಯ ನಯವನ್ನು. ಇವೆರಡೂ ಸಾಕಷ್ಟು ಸರಿ ಇರುವ, ವಯರ್ ಇರುವ ಇಯರ್‌ಫೋನ್‌ಗಳು ಈಗ ಎರಡು ಸಾವಿರ ರೂಪಾಯಿಯೊಳಗೆ ಸಿಗುತ್ತವೆ. ಖಾನರ ಗಾಂಧಾರ ಬಡವರ ಕಿವಿಗೂ ಪೂರ್ತಿಯಾಗಿಯೇ ತಲುಪುತ್ತದೆ.

ಸುರ ಕೆಡುವ ಜಾಗ ಇನ್ನೊಂದಿದೆ. ಹಳೆಯ ತಟ್ಟೆಗಳನ್ನು 78 ಸುತ್ತಿನವು ಅಂತ ಕರೆದರೂ ಆ ವೇಗ ಎಲ್ಲ ಮುದ್ರಣಗಳಲ್ಲೂ ಒಂದೇ ಸಮ ಇರುತ್ತಿರಲಿಲ್ಲ. ಅವನ್ನು ಕಂಪ್ಯೂಟರಿಗೆ ಇಳಿಸುವವರು ವೇಗವನ್ನು ಶೇ. 6ರಷ್ಟು ತಪ್ಪಿದರೆ ಇಡೀ ಹಾಡು ಅರ್ಧ ಸ್ವರ ಮೇಲೆ ಹೋಗುತ್ತದೆ ಅಥವಾ ಕೆಳಗಿಳಿಯುತ್ತದೆ. ಸರಸರ ಸದ್ದು ತೆಗೆಯುತ್ತೇವೆ ಅಂತ ಅತಿಯಾಗಿ ತೊಳೆದರೆ ತಂಬೂರಿಯ ಉಪಸ್ವರಗಳೂ ತೊಳೆದುಹೋಗುತ್ತವೆ. ಈ ತಪ್ಪುಗಳನ್ನು ಯಾವ ದುಬಾರಿ ಹೆಡ್‌ಫೋನೂ ಸರಿ ಮಾಡಲಾರದು. ಆದ್ದರಿಂದ ಒಂದೇ ರೆಕಾರ್ಡಿನ ನಾಲ್ಕು ಅಪ್‌ಲೋಡ್ ಕೇಳಿ, ಒಳ್ಳೆಯದನ್ನು ಆರಿಸಿ. ಇದಕ್ಕೆ ಖರ್ಚಿಲ್ಲ, ಲಾಭ ಮಾತ್ರ ಹೊಸ ಹೆಡ್‌ಫೋನ್‌ಗಿಂತ ಜಾಸ್ತಿ.

ಅಳ್ನಾವರದ ಮೇಲೆ ಹಾದ ರೈಲು

ಮೈಸೂರು ಅರಮನೆ ಖಾನರನ್ನು ಕರೆಸಿ ಗೌರವಿಸಿತು. ಅಲ್ಲಿ ಕರ್ನಾಟಕ ಸಂಗೀತದ ವಿದ್ವಾಂಸರನ್ನು ಅವರು ಕೇಳಿದರು, ಕೇಳಿ ಸುಮ್ಮನಾಗಲಿಲ್ಲ, ಕಲಿತರು. ಹಿಂದೂಸ್ತಾನಿ ಉಸ್ತಾದನೊಬ್ಬ ದಕ್ಷಿಣದ ಪದ್ಧತಿಯನ್ನು ಅಷ್ಟು ಗಂಭೀರವಾಗಿ ತೆಗೆದುಕೊಂಡದ್ದು ಆಗ ಹೊಸದು. ಅವರ ಸರಗಮ್ ಹಾಡಿಕೆಯಲ್ಲಿ ಆ ಪ್ರಭಾವ ಕೇಳಿಸುತ್ತದೆ. ತ್ಯಾಗರಾಜರ ಕೃತಿಯನ್ನು ರೆಕಾರ್ಡ್‌ಗೂ ಹಾಡಿದರು.

ಮಿರಜದಿಂದ ಮೈಸೂರಿನತ್ತ ಹೋಗುವ ರೈಲು ಬೆಳಗಾವಿ, ಲೋಂಡಾ ದಾಟಿ ಹಳಿಯಾಳದ ಪಕ್ಕದ ಅಳ್ನಾವರದ ಮೇಲೆ ಧಾರವಾಡ, ಹುಬ್ಬಳ್ಳಿಗೆ ಬರುತ್ತಿತ್ತು. ಹೋಗುವಾಗ ಬರುವಾಗ ಖಾನ್ ಧಾರವಾಡದಲ್ಲಿ ತಂಗುತ್ತಿದ್ದರು. ಹುಬ್ಬಳ್ಳಿ ಹತ್ತಿರದ ಕುಂದಗೋಳದ ನಾಡಿಗೇರರ ವಾಡೆಯಲ್ಲೂ ಹಾಡುತ್ತಿದ್ದರು. ಆ ವಾಡೆಯಲ್ಲಿ ಕಾರಕೂನರಾಗಿದ್ದವರ ಮಗ ರಾಮಭಾವು ಅವರ ಶಿಷ್ಯನಾದ. ಮುಂದೆ ನಾಟಕರಂಗದಲ್ಲಿ ಸವಾಯಿ ಗಂಧರ್ವ ಅಂತ ಹೆಸರಾದವರು ಇವರೇ. ಅವರ ಶಿಷ್ಯರು ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ, ಬಸವರಾಜ ರಾಜಗುರು, ಫಿರೋಜ್ ದಸ್ತೂರ್. ಉತ್ತರ ಪ್ರದೇಶದ ಒಂದು ಊರಿನ ಹೆಸರು ಹೊತ್ತ ಘರಾಣೆ ಕನ್ನಡ ನೆಲದಲ್ಲಿ ಹೀಗೆ ಬೇರುಬಿಟ್ಟಿತು. ಪಾರ್ಸಿ ಫಿರೋಜ್, ಬ್ರಾಹ್ಮಣ ಭೀಮಸೇನ, ಅಂಬಿಗರ ಮನೆತನದ ಗಂಗೂಬಾಯಿ, ಎಲ್ಲರೂ ಒಬ್ಬ ಮುಸ್ಲಿಂ ಉಸ್ತಾದನ ಮೊಮ್ಮಕ್ಕಳಂತೆ ಬೆಳೆದರು.

ಇವರಲ್ಲಿ ಎಷ್ಟು ಜನ ಮೊದಲು ಸಂಗೀತ ಕೇಳಿದ್ದು ಪರರ ಯಂತ್ರದಲ್ಲಿ ಅನ್ನೋದು ಗಮನಿಸಬೇಕು. ಧಾರವಾಡದ ಶುಕ್ರವಾರಪೇಟೆಯ ಹುಡುಗಿ ಗಂಗೂಬಾಯಿ, ಬೀದಿಯಲ್ಲಿ ಗ್ರಾಮೋಫೋನ್ ಸದ್ದು ಕೇಳಿದ ಕೂಡಲೇ ಓಡಿಹೋಗಿ ನಿಲ್ಲುತ್ತಿದ್ದರು. ಗದಗದ ಹುಡುಗ ಭೀಮಸೇನ, ಶಾಲೆಗೆ ಹೋಗುವ ವಯಸ್ಸಿನಲ್ಲಿ ಅಂಗಡಿಯೊಂದರಲ್ಲಿ ಹಾಕಿದ್ದ ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮ್ರಿಯ ರೆಕಾರ್ಡ್ ಕೇಳಿ, ಹಾಗೆ ಹಾಡಲು ಕಲಿಯಲೇಬೇಕು ಅಂತ ಮನೆ ಬಿಟ್ಟು ಹೋದರು. ಊರೂರು ಅಲೆದು ಕೊನೆಗೆ ಬಂದು ಸೇರಿದ್ದು ಕುಂದಗೋಳಕ್ಕೆ, ಸವಾಯಿ ಗಂಧರ್ವರ ಬಳಿಗೇ. ಆ ಅಂಗಡಿಯ ಯಂತ್ರದಲ್ಲಿ ಸರಸರ ಸದ್ದಿತ್ತು, ಬೇಸ್ ಇರಲಿಲ್ಲ, ಸ್ಟೀರಿಯೋ ಇರಲಿಲ್ಲ. ಹುಡುಗನ ಕೈಯಲ್ಲಿ ಕಾಸೂ ಇರಲಿಲ್ಲ. ಕೇಳಬೇಕಾದ್ದು ಕೇಳಿತು.

ತಾರಾಬಾಯಿ ಹೊರನಡೆದಾಗ

ಖಾನರನ್ನು ಸಂತನನ್ನಾಗಿ ಮಾಡಿ ನಿಲ್ಲಿಸುವ ಬರಹಗಳಲ್ಲಿ ಒಂದು ಅಧ್ಯಾಯ ಬೇಗ ಮುಗಿದುಹೋಗುತ್ತದೆ. 1922ರಲ್ಲಿ ತಾರಾಬಾಯಿ ಐದು ಮಕ್ಕಳನ್ನು ಕರೆದುಕೊಂಡು ಗಂಡನನ್ನು ಬಿಟ್ಟು ಬಂದರು. ಅದಾದ ಮೇಲೆ ಮಕ್ಕಳಿಗೆ ತಂದೆಯ ಹೆಸರು ಉಳಿಯಲಿಲ್ಲ. ಅಬ್ದುಲ್ ರೆಹಮಾನ್ ಸುರೇಶಬಾಬು ಮಾನೆಯಾದ, ಚಂಪಾಕಲಿ ಹೀರಾಬಾಯಿ ಬಡೋದೇಕರ್ ಆದಳು, ಸಕೀನಾ ಸರಸ್ವತಿ ರಾಣೆಯಾದಳು. ಎಲ್ಲರಿಗೂ ವಿದ್ಯೆ ಕೊಟ್ಟ ಗುರು, ಮನೆಯೊಳಗೆ ತನ್ನ ಸಂಸಾರ ಉಳಿಸಿಕೊಳ್ಳಲು ಆಗದವರಾಗಿದ್ದರು. ಒಬ್ಬಂಟಿಯಾಗಿ ಐವರನ್ನೂ ಬೆಳೆಸಿ ಸಂಗೀತಗಾರರನ್ನಾಗಿ ಮಾಡಿದ ತಾರಾಬಾಯಿ ಸ್ವತಃ ಹಾಡುಗಾರ್ತಿ. ಘರಾಣೆಯ ಚರಿತ್ರೆಯಲ್ಲಿ ಅವರಿಗೆ ಸಿಗೋದು ಒಂದೋ ಎರಡೋ ಸಾಲು.

ಹೀರಾಬಾಯಿ ಮುಂದೆ ಟಿಕೆಟ್ ಇಟ್ಟು ಸಾರ್ವಜನಿಕ ಕಛೇರಿ ಮಾಡಿದ ಮೊದಲ ಗಾಯಕಿಯರ ಸಾಲಿಗೆ ಸೇರಿದರು. ಗೌರವದ ಹೆಣ್ಣುಮಕ್ಕಳು ಸಭೆಯಲ್ಲಿ ಹಾಡಬಾರದು ಅನ್ನೋ ಕಾಲದಲ್ಲಿ ಗ್ರಾಮೋಫೋನ್ ಮತ್ತು ಟಿಕೆಟ್ ಎರಡೂ ಅವರಿಗೆ ದಾರಿಯಾದವು. ಅಪ್ಪ ತೆರೆದ ಬಾಗಿಲನ್ನು ಮಗಳು ಇನ್ನಷ್ಟು ಅಗಲ ಮಾಡಿದಳು, ಅಪ್ಪನ ಹೆಸರಿಲ್ಲದೆ.

ಖಾನ್ ಮಿರಜದಲ್ಲಿ ನೆಲೆಸಿದರು. ಅಲ್ಲಿನ ಖ್ವಾಜಾ ಮೀರಾಸಾಹೇಬರ ದರ್ಗಾದಲ್ಲಿ ಉರುಸಿನ ಹೊತ್ತಿಗೆ ಹಾಡುತ್ತಿದ್ದರು. ಮಿರಜ ತಂಬೂರಿ ಮಾಡುವವರ ಊರು. ವಾದ್ಯದ ಹುಚ್ಚಿನ ಮನುಷ್ಯನಿಗೆ ಇದಕ್ಕಿಂತ ಒಳ್ಳೆ ಜಾಗ ಸಿಗುತ್ತಿರಲಿಲ್ಲ.

ಹಾಗಾದ್ರೆ ಆಂಪ್ಲಿಫೈಯರ್ ಬೇಕಾ?

ಖಾನರ ಮೆಲುದನಿಯನ್ನು ಉಳಿಸಿದ್ದೇ ಆಂಪ್ಲಿಫೈಯರ್ ಅಂದೆ. ಹಾಗಂತ ನಿಮ್ಮ ಮೊಬೈಲ್ ಪಕ್ಕದಲ್ಲಿ ಇನ್ನೊಂದು ಇಡಬೇಕು ಅಂತಿಲ್ಲ. ಲೆಕ್ಕ ಇಷ್ಟೇ. ಹೆಡ್‌ಫೋನ್ ಡಬ್ಬಿಯ ಮೇಲೆ ಎರಡು ಅಂಕಿ ಹುಡುಕಿ: ಓಮ್‌ನಲ್ಲಿ ಇಂಪೀಡೆನ್ಸ್, ಡೆಸಿಬಲ್‌ನಲ್ಲಿ ಸೆನ್ಸಿಟಿವಿಟಿ. ಸಾಮಾನ್ಯ ಹೆಡ್‌ಫೋನ್ 32 ಓಮ್, 1 ಮಿಲಿವ್ಯಾಟ್‌ಗೆ 100 ಡೆಸಿಬಲ್ ಅಂತ ಇರುತ್ತದೆ. 100 ಡೆಸಿಬಲ್ ಅಂದ್ರೆ ಕಿವಿಗೆ ಅಪಾಯ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬಲ್ ಸದ್ದನ್ನು ವಾರಕ್ಕೆ 40 ಗಂಟೆಯವರೆಗೆ ಕೇಳಬಹುದು. ಆ 80 ಡೆಸಿಬಲ್‌ಗೆ ಬೇಕಾದದ್ದು ಮಿಲಿವ್ಯಾಟ್‌ನ ನೂರನೇ ಒಂದು ಪಾಲು. ಮೊಬೈಲ್‌ನ ಸಣ್ಣ ಡಾಂಗಲ್ 1 ವೋಲ್ಟ್ ಕೊಟ್ಟರೆ 32 ಓಮ್‌ಗೆ ಸುಮಾರು 31 ಮಿಲಿವ್ಯಾಟ್ ಸಿಗುತ್ತದೆ. ಬೇಕಾದ್ದಕ್ಕಿಂತ ಮೂರು ಸಾವಿರ ಪಟ್ಟು.

ಸ್ಟುಡಿಯೋಗಳಲ್ಲಿ ಬಳಸುವ 250, 300 ಓಮ್‌ನ ಹೆಡ್‌ಫೋನ್ ಕೊಂಡರೆ ಮಾತು ಬೇರೆ. ಅದೇ 1 ವೋಲ್ಟ್‌ಗೆ 300 ಓಮ್‌ನಲ್ಲಿ ಸಿಗೋದು ಮೂರು ಮಿಲಿವ್ಯಾಟ್ ಚಿಲ್ಲರೆ. ಸೆನ್ಸಿಟಿವಿಟಿಯೂ ಕಡಿಮೆ ಇದ್ದರೆ, ಮೆಲ್ಲಗೆ ಮುದ್ರಿಸಿದ ಸಂಗೀತಕ್ಕೆ ಸಾಲದೆ ಹೋಗಬಹುದು. ಕಡಿಮೆ ಬಜೆಟ್‌ನವರು ಆ ದಾರಿಗೆ ಹೋಗದಿರೋದೇ ವಾಸಿ. ಬ್ಲೂಟೂತ್ ಹೆಡ್‌ಫೋನ್‌ಗೆ ಹೊರಗಿನ ಆಂಪ್ಲಿಫೈಯರ್ ಕೊಳ್ಳೋದು ದುಡ್ಡು ದಂಡ. ಅದರ ಆಂಪ್ಲಿಫೈಯರ್ ಅದರೊಳಗೇ ಇರುತ್ತದೆ. ಟಿವಿ ರಿಪೇರಿ ಅಂಗಡಿಗಳಲ್ಲಿ ಎಲ್‌ಎ 4440 ಐಸಿ ಹಾಕಿ ಜೋಡಿಸಿಕೊಡುವ ಅಗ್ಗದ ಆಂಪ್ಲಿಫೈಯರ್ ಸ್ಪೀಕರಿಗೆ ಚೆನ್ನಾಗಿದೆ, ಅದರ ಸ್ಪೀಕರ್ ತಂತಿಗೆ ಹೆಡ್‌ಫೋನ್ ಚುಚ್ಚಬೇಡಿ. ಹಳೆ ಮನೆಗಳಲ್ಲಿ ಅರ್ಥಿಂಗ್ ಸರಿ ಇಲ್ಲದಿದ್ದರೆ ಕರೆಂಟಿಗೆ ಹಾಕುವ ಆಂಪ್ಲಿಫೈಯರ್‌ಗಳು ಗುಂಯ್ ಅನ್ನುತ್ತವೆ, ಮೊಬೈಲ್ ಬ್ಯಾಟರಿಯಿಂದ ನಡೆಯುವ ಡಾಂಗಲ್‌ಗೆ ಆ ತೊಂದರೆ ಇಲ್ಲ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬರುವ ಜೋಯಿಡಾ ಕಡೆಯವರಿಗೆ ಇದೇ ಅನುಕೂಲ.

ಲೆಕ್ಕ ಮುಗಿಸೋಣ. ಐದು ಸಾವಿರದಲ್ಲಿ ಎರಡು ಸಾವಿರ ವಯರ್ ಇರುವ ಇಯರ್‌ಫೋನ್‌ಗೆ, ಫೋನಿನಲ್ಲಿ ಜಾಕ್ ಇಲ್ಲದಿದ್ದರೆ ಸಾವಿರ–ಸಾವಿರದೈನೂರು ಡಾಂಗಲ್‌ಗೆ. ಉಳಿದದ್ದು ನಿಮ್ಮ ಜೇಬಿನಲ್ಲೇ ಇರಲಿ. ಹಳಿಯಾಳದಿಂದ ಧಾರವಾಡ, ಹುಬ್ಬಳ್ಳಿ, ಕುಂದಗೋಳಕ್ಕೆ ಬಸ್ಸಿದೆ, ಅಲ್ಲಿ ಸಂಗೀತ ಸಭೆಗಳು ನಡೆಯುತ್ತಿರುತ್ತವೆ. ಎದುರಿಗೆ ಕೂತು ತಂಬೂರಿ ಕೇಳಿದ ಕಿವಿಗೆ ಹೆಡ್‌ಫೋನ್‌ನಲ್ಲಿ ಏನು ತಪ್ಪಿದೆ ಅಂತ ತಾನಾಗಿ ಗೊತ್ತಾಗುತ್ತದೆ.

ಸಿಂಗಪೆರುಮಾಳ್ ಕೋಯಿಲ್ ಸ್ಟೇಷನ್

1937ರ ಅಕ್ಟೋಬರ್‌ನಲ್ಲಿ ಖಾನ್ ಮದ್ರಾಸ್ ಕಡೆ ಕಛೇರಿ ಮುಗಿಸಿ, ಅರವಿಂದಾಶ್ರಮದಲ್ಲಿ ಹಾಡಲು ರೈಲಿನಲ್ಲಿ ಪಾಂಡಿಚೇರಿಗೆ ಹೊರಟಿದ್ದರು. ದಾರಿಯಲ್ಲಿ ಎದೆನೋವು ಕಾಣಿಸಿತು. ಸಿಂಗಪೆರುಮಾಳ್ ಕೋಯಿಲ್ ಅನ್ನೋ ಸಣ್ಣ ಸ್ಟೇಷನ್‌ನಲ್ಲಿ ಶಿಷ್ಯರೊಂದಿಗೆ ಇಳಿದರು. ಪ್ಲಾಟ್‌ಫಾರ್ಮ್ ಮೇಲೆ ಹಾಸಿಗೆ ಹಾಸಿಸಿ, ನಮಾಜ್ ಮಾಡಿ, ದರಬಾರಿ ರಾಗದಲ್ಲಿ ದೇವರ ಸ್ಮರಣೆ ಹಾಡಿ ಮಲಗಿದವರು ಮತ್ತೆ ಏಳಲಿಲ್ಲ. ಅವತ್ತು ಅಕ್ಟೋಬರ್ 27. ಇನ್ನು ಎರಡು ವಾರ ಕಳೆದಿದ್ದರೆ 65 ತುಂಬುತ್ತಿತ್ತು. ದೇಹವನ್ನು ಮಿರಜಕ್ಕೆ ತಂದು ದರ್ಗಾದ ಆವರಣದಲ್ಲಿ ಮಣ್ಣು ಮಾಡಿದರು. ಅವರ ನೆನಪಿನಲ್ಲಿ ಅಲ್ಲಿ ಪ್ರತಿವರ್ಷ ಸಂಗೀತ ಸಭೆ ನಡೆಯುತ್ತದೆ. ಹಿಂದೂ, ಮುಸ್ಲಿಂ ಕಲಾವಿದರು ಬಂದು ಹಾಡುತ್ತಾರೆ.

ಒಂದು ಕಾನೂನಿನ ವಿಷಯ ಹೇಳಿ ಮುಗಿಸುತ್ತೇನೆ. ನಮ್ಮ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಧ್ವನಿಮುದ್ರಣದ ಹಕ್ಕು ಇರೋದು ಅದು ಪ್ರಕಟವಾದ ಮರುವರ್ಷದಿಂದ 60 ವರ್ಷ. ಖಾನರ ಎಲ್ಲ ರೆಕಾರ್ಡ್‌ಗಳೂ ಆ ಗಡಿ ಎಂದೋ ದಾಟಿವೆ. ಅಂದ್ರೆ ಅವು ಈಗ ಯಾವ ಕಂಪನಿಯ ಸ್ವತ್ತೂ ಅಲ್ಲ, ಯಾವ ಘರಾಣೆಯದ್ದೂ ಅಲ್ಲ, ಎಲ್ಲರವು. ಚಂದಾ ಕಟ್ಟದೆ ಕೇಳಬಹುದು, ಇಳಿಸಿಕೊಳ್ಳಬಹುದು, ಗೆಳೆಯರಿಗೆ ಹಂಚಬಹುದು. ಝಿಂಝೋಟಿಯ ಠುಮ್ರಿಯಿಂದ ಶುರು ಮಾಡಿ. ನಿಮ್ಮ ಹತ್ತಿರ ಈಗ ಇರುವ ಇಯರ್‌ಫೋನ್‌ನಲ್ಲೇ ಕೇಳಿ. ಆಮೇಲೂ ಹೊಸದು ಬೇಕು ಅನ್ನಿಸಿದರೆ ಕೊಳ್ಳಿ.